ದಾರಿಬೆರಳು

ಸ್ಯಾಲಿಸ್‌ಬರಿ, ಅಡಿಲೇಡ್
11 ಆಗಸ್ಟ್ 2025

ಸುಪ್ರೀತಾ ಅವರಿಗೆ,

ನನಗೂ ನಿಮಗೂ ಪರಿಚಯವಿಲ್ಲ. ನಿಮ್ಮ ಜಾಲತಾಣದಲ್ಲಿ ನನ್ನ ಮಗಳನ್ನು ಬ್ಲಾಕ್ ಮಾಡಿದ್ದೀರಿ. ಯಾಕೆಂದು ಕೇಳಲು ಬಂದ ನನ್ನನ್ನೂ ಬ್ಲಾಕ್ ಮಾಡಿದಿರಿ. ಹೋದ ವರ್ಷ ಅವಳು ತರಿಸಿಕೊಂಡ ಸ್ಟಿಕರ್‌ಗಳ ಕವರಿನ ಹಿಂದೆ ಪರ್ತ್‌ನ ಮೋರ್ಲಿಯ ವಿಳಾಸವಿತ್ತು, ಪಕ್ಕದಲ್ಲಿ ಕನ್ನಡದಲ್ಲಿ ನಿಮ್ಮ ಸಹಿ ಇತ್ತು. ಹಾಗಾಗಿ ಈ ಕಾಗದ, ಹಾಗಾಗಿ ಕನ್ನಡ. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ ಎಂದುಕೊಂಡಿದ್ದೇನೆ.

ನಾನು ಇಲ್ಲಿ ರಡಾರ್ ಉಪಕರಣ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ನಿಮ್ಮ ‘ಗವಿಗರು’ ಎಂಬ ಜೀವಿಗಳ ಬಗ್ಗೆ ನನಗೆ ಅರ್ಥವಾದದ್ದು ಇಷ್ಟು. ಇವು ನೀವು ಕಲ್ಪಿಸಿಕೊಂಡು ಬರೆದ ಕುಲ. ಮೊಣಕಾಲೆತ್ತರ, ನೆಲದಡಿ ವಾಸ. ಮಕ್ಕಳು ತಮ್ಮದೇ ಗವಿಗನನ್ನು ಬರೆದು ನಿಮ್ಮ ಪುಟದಲ್ಲಿ ಹಾಕಬಹುದು. ಆದರೆ ಮೈಯ ಲಕ್ಷಣಗಳಿಗೆ ದರ್ಜೆ ಮಾಡಿಟ್ಟಿದ್ದೀರಿ. ಬೆನ್ನ ಮೇಲೆ ಪಾಚಿ, ಗಿಡ್ಡ ಬಾಲ ಇವೆಲ್ಲ ಸಾಮಾನ್ಯ, ಯಾರು ಬೇಕಾದರೂ ಬರೆಯಬಹುದು. ಎರಡು ಬಣ್ಣದ ಕಣ್ಣು, ಬೆಳಕು ಹಾಯುವ ಕಿವಿ ಅಪರೂಪ, ಅದಕ್ಕೆ ನಿಮ್ಮ ಅನುಮತಿ ಬೇಕು. ಎಲ್ಲಕ್ಕೂ ಮೇಲೆ ‘ದಾರಿಬೆರಳು’, ಅಂದರೆ ಬಲಗೈಯ ಕಿರುಬೆರಳಿನ ಪಕ್ಕ ಇನ್ನೊಂದು ಬೆರಳು. ಇಡೀ ಕುಲದಲ್ಲಿ ಅದು ಏಳು ಗವಿಗರಿಗೆ ಮಾತ್ರ. ಆ ಏಳು ಯಾರೆಂದು ತೀರ್ಮಾನಿಸುವವರು ನೀವು.

ನನ್ನ ಮಗಳು ಅನನ್ಯಾಗೆ ಹನ್ನೆರಡು ವರ್ಷ. ಆರು ಬೆರಳಿನ ಗವಿಗನೊಂದನ್ನು ಬರೆದು ಹಾಕಿದಳು. ‘ಇದು ನಿನಗೆ ಕೊಡದ ಲಕ್ಷಣ, ಕದ್ದು ಬರೆಯುವವರಿಗೆ ಇಲ್ಲಿ ಜಾಗವಿಲ್ಲ’ ಎಂದು ಎಲ್ಲರೆದುರು ಬರೆದು ಚಿತ್ರವನ್ನು ಕಿತ್ತುಹಾಕಿದಿರಿ. ಅದರ ಕೆಳಗೆ ಊರೂರಿನ ಮಕ್ಕಳು ಬಂದು ಅವಳನ್ನು ಕಳ್ಳಿ ಎಂದವು. ನೀವು ಒಂದನ್ನೂ ಅಳಿಸಲಿಲ್ಲ.

ಅವತ್ತಿನಿಂದ ಅವಳು ಹೀಟರ್ ಮುಂದೆ ಕೂತರೂ ಉಣ್ಣೆಯ ಜಂಪರಿನ ತೋಳು ಮೇಲೇರಿಸುವುದಿಲ್ಲ. ನಮ್ಮ ಮುಂದೆ ಒಂದು ಬೇಡಿಕೆ ಇಟ್ಟಿದ್ದಾಳೆ. ಏನೆಂದು ನಿಮಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಒಮ್ಮೆ ಒಪ್ಪಿ ನಡೆಸಿದರೆ ಮತ್ತೆ ಸರಿಪಡಿಸಲಾಗದಂಥದ್ದು ಎಂದಷ್ಟೇ ತಿಳಿದಿರಲಿ. ಚಿತ್ರವನ್ನು ಇದ್ದ ಜಾಗದಲ್ಲೇ ಹಾಕಿ. ಬೈದದ್ದು ಎಲ್ಲರೆದುರು, ಕ್ಷಮೆಯನ್ನೂ ಎಲ್ಲರೆದುರೇ ಕೇಳಿ.

ಜಯಪ್ರಕಾಶ

*

ಮೋರ್ಲಿ, ಪರ್ತ್
26 ಆಗಸ್ಟ್ 2025

ಜಯಪ್ರಕಾಶ್ ಅಂಕಲ್,

ನಾನು ಭೂವಿಜ್ಞಾನಿ. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ನಿಮ್ಮ ಕಾಗದ ಡಬ್ಬಿಯಲ್ಲೇ ಕಾದಿತ್ತು. ತಡವಾದದ್ದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ಕೇಳುವುದಿಲ್ಲ.

ಚಿತ್ರ ತೆಗೆದದ್ದು ನಾನಲ್ಲ. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಉತ್ತಮ್ ಪುಟ ನೋಡಿಕೊಳ್ಳುತ್ತಾನೆ. ಅವನ ಭಾಷೆ ಒರಟು, ಒಪ್ಪುತ್ತೇನೆ. ಆದರೆ ನಿಯಮ ನನ್ನದು, ಅದನ್ನು ಬದಲಿಸುವುದಿಲ್ಲ.

ನಿಮಗೆ ಇದು ಮಕ್ಕಳಾಟ. ನನಗೆ ಹಾಗಲ್ಲ. ಹಗಲೆಲ್ಲ ಭೂಮಿಯಿಂದ ಕೊರೆದು ತೆಗೆದ ಕಲ್ಲಿನ ಉರುಳೆಗಳನ್ನು ನೋಡಿ ಬರೆದಿಡುವುದು ನನ್ನ ಕೆಲಸ. ಸಂಜೆ ಗಣಿಯ ಕ್ಯಾಂಪಿನಲ್ಲಿ ಮಾತಾಡಲು ಒಬ್ಬರೂ ಇಲ್ಲದೆ, ಆ ಕೊರೆದ ತೂತಿನ ತಳದಲ್ಲಿ ಯಾರಿರಬಹುದು ಎಂದು ಯೋಚಿಸುತ್ತ ಬರೆದವರು ಈ ಗವಿಗರು. ಹೋದ ವರ್ಷ ಯಾರೋ ನನ್ನನ್ನು ಕೇಳದೆ ಅವರನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿದರು. ಅವತ್ತೇ ನಿಯಮ ಬಿಗಿ ಮಾಡಿದೆ. ದಾರಿಬೆರಳು ಎಲ್ಲರಿಗೂ ಸಿಕ್ಕರೆ ಅದು ದಾರಿಬೆರಳೇ ಅಲ್ಲ. ಕೇಳಿದ್ದೆಲ್ಲ ಸಿಗುವುದಿಲ್ಲ ಎಂದು ಹನ್ನೆರಡು ವರ್ಷದ ಹುಡುಗಿಗೆ ಗೊತ್ತಾಗಬೇಕು. ಅದನ್ನು ಮನೆಯಲ್ಲಿ ಹೇಳಿಕೊಟ್ಟಿದ್ದರೆ ನಾವು ಹೇಳಬೇಕಿರಲಿಲ್ಲ.

ಆದರೂ ನಾನೇನೂ ಕಲ್ಲಲ್ಲ. ಅವಳ ಚಿತ್ರ ನೋಡಿದೆ, ಕೈ ಚೆನ್ನಾಗಿ ಬರೆದಿದ್ದಾಳೆ. ಒಂದು ಬೆರಳು ಅಳಿಸಿ ಮತ್ತೆ ಹಾಕಲಿ. ಖುಷಿಯಿಂದ ಸೇರಿಸಿಕೊಳ್ಳುತ್ತೇನೆ.

ಸುಪ್ರೀತಾ

*

ಸ್ಯಾಲಿಸ್‌ಬರಿ
2 ಸೆಪ್ಟೆಂಬರ್ 2025

ಸುಪ್ರೀತಾ ಅವರೇ,

ಒಂದು ಬೆರಳು ಅಳಿಸಿ ಹಾಕಲಿ ಎಂದಿರಿ. ನವೆಂಬರ್ 14ಕ್ಕೆ ಅಳಿಸುತ್ತಾರೆ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದೆ, ಚೀಟಿ ಫ್ರಿಜ್ ಬಾಗಿಲ ಮೇಲಿದೆ.

ಹೇಳಬಾರದೆಂದಿದ್ದೆ. ನೀವು ಹೇಳಿಸಿದಿರಿ. ನನ್ನ ಮಗಳ ಬಲಗೈಯಲ್ಲಿ ಹುಟ್ಟಿದಾಗಿನಿಂದ ಆರು ಬೆರಳು. ಮೂಳೆ, ಗೆಣ್ಣು, ಉಗುರು ಎಲ್ಲ ಇರುವ ಪೂರ್ತಿ ಬೆರಳು. ಅವಳು ನಿಮ್ಮ ಲಕ್ಷಣ ಕದಿಯಲಿಲ್ಲ. ಊಟದ ಮೇಜಿನ ಮೇಲೆ ಬಲಗೈ ಇಟ್ಟುಕೊಂಡು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ನೋಡಿ ಬರೆದಳು. ಅವಳು ಬರೆಯುವುದು ಬಲಗೈಯಲ್ಲಿ. ಆದರೂ ಎಡಗೈಯಲ್ಲಿ ಬರೆದಳು, ಬಲಗೈ ನೋಡಬೇಕಿತ್ತಲ್ಲ. ಒಂದು ವಾರಾಂತ್ಯವೆಲ್ಲ ಅದೇ ಆಯಿತು. ಕೈ ಚೆನ್ನಾಗಿ ಬಂದಿದೆ ಎಂದು ಹೊಗಳಿದಿರಲ್ಲ, ಅದಕ್ಕೆ.

ಶಾಲೆಗೆ ಹೋದ ದಿನದಿಂದ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಬೆಳೆದ ಹುಡುಗಿ ಅವಳು. ನಿಮ್ಮ ಗವಿಗರನ್ನು ನೋಡಿದ ಮೇಲೆ ಹೊರಗೆ ತೆಗೆದಳು. ‘ಅಪ್ಪ, ದೇ ಹ್ಯಾವ್ ಇಟ್ ಟೂ’ ಎಂದು ನನಗೆ ತೋರಿಸಿದ್ದು ಇನ್ನೂ ಕಣ್ಣ ಮುಂದಿದೆ. ಅಂಥವಳಿಗೆ ಆ ಬೆರಳು ನಿನ್ನದಲ್ಲ, ಕದ್ದಿದ್ದೀಯ ಎಂದಿರಿ. ಈಗ ತೆಗೆಸಿಬಿಡಿ ಎನ್ನುತ್ತಿದ್ದಾಳೆ. ನಾನೂ ನನ್ನ ಹೆಂಡತಿ ಉಷಾಳೂ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಮನೆಯಲ್ಲಿ ಹೇಳಿಕೊಡಬೇಕಿತ್ತು ಎಂದಿರಿ. ನಿಮ್ಮ ಮನೆಯಲ್ಲಿ ನಿಮಗೆ ಏನು ಹೇಳಿಕೊಟ್ಟರು ಎಂದು ಕೇಳಬೇಕೆನಿಸಿತು, ನಾಲಿಗೆ ಕಚ್ಚಿಕೊಂಡೆ. ಮತ್ತೆ, ನಾನು ನಿಮಗೆ ಅಂಕಲ್ ಅಲ್ಲ.

ಜಯಪ್ರಕಾಶ

*

ಮೋರ್ಲಿ
16 ಸೆಪ್ಟೆಂಬರ್ 2025

ಜಯಪ್ರಕಾಶ್ ಅವರೇ,

ನಮಗೆ ಗೊತ್ತಿರಲಿಲ್ಲ, ನಂಬಿ. ಉತ್ತಮ್‌ಗೆ ಫೋನ್ ಮಾಡಿ ಬೈದೆ. ಚಿತ್ರ ವಾಪಸು ಹಾಕಿದ್ದೇವೆ, ಮಕ್ಕಳು ಬರೆದದ್ದನ್ನೆಲ್ಲ ಅಳಿಸಿದ್ದೇವೆ. ಅನನ್ಯಾ ಅಡಿಲೇಡ್‌ನವಳು ಎಂಬುದನ್ನು ನಾನು ಮೊದಲೇ ಗಮನಿಸಬೇಕಿತ್ತು.

ಇದರ ಜೊತೆ ಒಂದು ಪ್ರಮಾಣಪತ್ರ ಇಟ್ಟಿದ್ದೇನೆ. ಏಳೇ ದಾರಿಬೆರಳು ಎಂಬ ನಿಯಮವನ್ನು ಅವಳಿಗೋಸ್ಕರ ಮುರಿದಿದ್ದೇನೆ. ಎಂಟನೆಯದು ಅನನ್ಯಾಳದು. ಇನ್ನು ಮುಂದೆ ಯಾರೂ ಅವಳನ್ನು ಪ್ರಶ್ನಿಸುವಂತಿಲ್ಲ. ಇದನ್ನು ನಾನು ಯಾರಿಗೂ ಹೀಗೆ ಕೊಟ್ಟಿಲ್ಲ.

ದಯವಿಟ್ಟು ಆ ಬೆರಳನ್ನು ತೆಗೆಸಬೇಡಿ. ಅಂಥ ಬೆರಳು ಎಲ್ಲರಿಗೂ ಬರುವುದಿಲ್ಲ. ನನ್ನ ಪುಟದಲ್ಲಿ ಅದರ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ಅವಳಿಗೆ ಓದಿ ಹೇಳಿ. ‘ದಾರಿಬೆರಳು ಹುಟ್ಟಿದ ಗವಿಯಲ್ಲಿ ಯಾರೂ ದಾರಿ ತಪ್ಪುವುದಿಲ್ಲ. ಪೂರ್ವಕ್ಕೆ ಮುಖ ಮಾಡಿ ಅದರಿಂದ ಒಂದೇ ಸಲ ತಟ್ಟಿದರೆ, ಎಂದೂ ತೆರೆಯದ ಬಂಡೆಯೂ ತೆರೆಯುತ್ತದೆ. ಅದು ಮುಟ್ಟಿದವರ ಕೆಲಸ ಕೈಗೂಡುತ್ತದೆ.’ ತನ್ನ ಕೈಯಲ್ಲಿ ಎಂಥ ವರ ಇದೆ ಎಂದು ಅವಳಿಗೆ ಅರ್ಥವಾಗಲಿ.

ಸುಪ್ರೀತಾ

*

ಸ್ಯಾಲಿಸ್‌ಬರಿ
24 ಸೆಪ್ಟೆಂಬರ್ 2025

ಸುಪ್ರೀತಾ ಅವರೇ,

ನಿಮ್ಮ ಪ್ರಮಾಣಪತ್ರವನ್ನು ವಾಪಸು ಕಳಿಸಿದ್ದೇನೆ. ನನ್ನ ಮಗಳ ಬೆರಳನ್ನು ನನ್ನ ಮಗಳಿಗೇ ದಾನ ಕೊಡುತ್ತೀರಾ? ಎಷ್ಟು ಧೈರ್ಯ ನಿಮಗೆ. ಹನ್ನೆರಡು ವರ್ಷದಿಂದ ಅವಳ ಕೈಯಲ್ಲಿರುವುದಕ್ಕೆ ನಿಮ್ಮ ಸಹಿ, ನಿಮ್ಮ ಮೊಹರು, ಎಂಟು ಎಂಬ ನಂಬರು.

ವರ ಎಂದಿರಿ. ಆ ಮಾತು ಕೇಳಿ ಕೇಳಿ ಅವಳು ಹಣ್ಣಾಗಿದ್ದಾಳೆ. ಇಲ್ಲಿಯ ನಮ್ಮ ಜನ ಹೇಗೆಂದು ನಿಮಗೆ ಗೊತ್ತಿಲ್ಲ. ಆರು ಬೆರಳು ಅದೃಷ್ಟ ಎಂದು ಊರಿನಿಂದ ಹೊತ್ತು ತಂದ ನಂಬಿಕೆ. ಈ ದೇಶದಲ್ಲೇ ಕಾಯಂ ನೆಲೆಸಲು ಪಿಆರ್ ಅರ್ಜಿ ಹಾಕುವವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಸಬ್ಮಿಟ್ ಬಟನ್ನನ್ನು ಅವಳ ಆ ಬೆರಳಿನಿಂದ ಒತ್ತಿಸುತ್ತಿದ್ದರು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಓದಿದವರು, ಸಾಫ್ಟ್‌ವೇರಿನವರು, ನನ್ನಂಥ ಎಂಜಿನಿಯರ್‌ಗಳು. ಯುಗಾದಿ ಬಂದರೂ ಅದೇ, ರಾಜ್ಯೋತ್ಸವ ಬಂದರೂ ಅದೇ. ರಮಾಕಾಂತ್ ಎಂಬವರ ವೀಸಾ ತಿರಸ್ಕಾರವಾದಾಗ, ಅವತ್ತು ಸರಿಯಾದ ಬೆರಳಿನಲ್ಲೇ ಒತ್ತಿದೆಯಾ ಎಂದು ಮಗುವನ್ನು ನಿಲ್ಲಿಸಿ ಕೇಳಿದರು. ಮನೆಗೆ ಬಂದು ಅಳುತ್ತ ‘ಐ ಡಿಡ್ ಇಟ್ ರೈಟ್’ ಎಂದಳು. ಜನರಿಗೆ ಬುದ್ಧಿ ಇಲ್ಲ. ಹೇಳಿದರೆ ಕೇಳುವುದಿಲ್ಲ.

ಈಗ ನಿಮ್ಮ ವಿಷಯ. ಬೆರಳು ಅದೃಷ್ಟ ಎಂದು ಯಾರು ಬೇಕಾದರೂ ಊಹಿಸಿ ಬರೆಯಬಹುದು. ಆದರೆ ಪೂರ್ವಕ್ಕೆ ಮುಖ ಮಾಡಿ, ಒಂದೇ ಸಲ. ಈ ಎರಡು ಮಾತು ಅಡಿಲೇಡಿನಲ್ಲಿ ನಮ್ಮ ಕನ್ನಡದವರು ಹಬ್ಬಕ್ಕೆ ಸೇರುವ ಸಭಾಂಗಣ ಬಿಟ್ಟು ಪ್ರಪಂಚದಲ್ಲಿ ಎಲ್ಲೂ ಇಲ್ಲ. ಅದು ನಿಮಗೆ ಹೇಗೆ ಗೊತ್ತು? ಯಾರು ಹೇಳಿದರು? ನೇರವಾಗಿ ಉತ್ತರ ಕೊಡಿ.

ಜಯಪ್ರಕಾಶ

*

ಮೋರ್ಲಿ
14 ಅಕ್ಟೋಬರ್ 2025

ಜಯಪ್ರಕಾಶ್ ಅವರೇ,

ಉತ್ತರ ಬರೆಯದೆ ಗಣಿಗೆ ಹೋಗಿ ಬಂದೆ. ಬರೆಯಬಾರದೆಂದೇ ಇದ್ದೆ. ಆದರೆ ನಿಮ್ಮ ಕಾಗದದ ಒಂದು ಸಾಲು ನನ್ನನ್ನು ಬಿಡಲಿಲ್ಲ. ‘ಜನರಿಗೆ ಬುದ್ಧಿ ಇಲ್ಲ.’

ನೇರವಾಗಿ ಕೇಳಿದಿರಿ, ನೇರವಾಗಿ ಹೇಳುತ್ತೇನೆ. ನನಗೆ ಹೇಳಿದ್ದು ನೀವು.

2023ರ ಯುಗಾದಿ. ಬ್ರಿಸ್ಬೇನಿನಲ್ಲಿ ಓದು ಮುಗಿಸಿ, ಪರ್ತ್‌ನಲ್ಲಿ ಕೆಲಸ ಹಿಡಿದು, ಕಾರಿನಲ್ಲಿ ಸಾಮಾನು ತುಂಬಿಕೊಂಡು ಹೊರಟಿದ್ದೆ. ಅಡಿಲೇಡಿನಲ್ಲಿ ಸ್ನೇಹಿತೆಯ ಮನೆಯಲ್ಲಿ ಇಳಿದೆ. ಅವಳು ನಿಮ್ಮ ಹಬ್ಬದ ಊಟಕ್ಕೆ ಕರೆತಂದಳು. ನನ್ನ ಪಿಆರ್ ಅರ್ಜಿ ಇನ್ನೂ ಕಳಿಸಿರಲಿಲ್ಲ, ಹೆದರಿಕೆ. ಅದನ್ನು ಕೇಳಿದವರು ನೀವು. ತಟ್ಟೆಯಲ್ಲಿ ಒಬ್ಬಟ್ಟು ಇತ್ತು, ಅದನ್ನು ಪಕ್ಕಕ್ಕಿಟ್ಟು ನಿಮ್ಮ ಕಥೆ ಹೇಳಿದಿರಿ. ನಿಮ್ಮ ಅರ್ಜಿಯ ಬಟನ್ನನ್ನು ಆರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೂರ್ವಕ್ಕೆ ತಿರುಗಿ ಒತ್ತಿಸಿದ್ದು, ಒಂದೇ ಸಲ, ಎರಡು ಸಲ ಒತ್ತಬಾರದು ಎಂದದ್ದು, ಮೂರೇ ತಿಂಗಳಲ್ಲಿ ಕೈಗೂಡಿದ್ದು. ಎಷ್ಟು ಹೆಮ್ಮೆಯಿಂದ ಹೇಳಿದಿರಿ. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು.

ಆಮೇಲೆ ಹೊರಗೆ ಆಡುತ್ತಿದ್ದ ಮಗುವನ್ನು ಕೂಗಿ ಕರೆದಿರಿ. ‘ಪುಟ್ಟಿ, ಬಾ ಇಲ್ಲಿ, ಆಂಟಿಗೆ ಒಂದ್ಸಲ ಒತ್ಬಿಟ್ಟು ಹೋಗು.’ ಅವಳು ಬರಲಿಲ್ಲ. ‘ಬೇಗ ಬಾ, ಆಂಟಿ ಕಾಯ್ತಾ ಇದ್ದಾರೆ’ ಎಂದು ಎದ್ದು ಹೋಗಿ ಕೈ ಹಿಡಿದು ಕರೆತಂದಿರಿ. ನನ್ನ ಲ್ಯಾಪ್‌ಟಾಪನ್ನು ಅವಳ ಮುಂದೆ ಹಿಡಿದವರೂ ನೀವೇ. ಅವಳ ಮುಖ ನಾನು ನೋಡಿದೆ. ನೀವು ನೋಡಲಿಲ್ಲ.

ಈ ಯಾವುದೂ ನಿಮಗೆ ನೆನಪಿಲ್ಲ. ನನ್ನ ಹೆಸರು ನೋಡಿಯೂ ನೆನಪಾಗಲಿಲ್ಲ. ಎಷ್ಟು ಜನಕ್ಕೆ ಒತ್ತಿಸಿದ್ದೀರೋ, ನೆನಪಾದರೂ ಹೇಗಾಗಬೇಕು. ಹಿಂದಿನ ಕಾಗದದಲ್ಲೇ ಹೇಳಬಹುದಿತ್ತು, ನಾನೂ ಹೇಳಲಿಲ್ಲ. ಬ್ಲಾಕ್ ಆದ ಹುಡುಗಿ ಅವಳೇ ಎಂದು ನಿಮ್ಮ ಎರಡನೇ ಕಾಗದ ಬಂದಾಗ ಗೊತ್ತಾಯಿತು. ಆದರೂ ಪ್ರಮಾಣಪತ್ರ ಕಳಿಸಿ ಮುಗಿಸೋಣ ಎಂದುಕೊಂಡೆ. ಪಿಆರ್ ಬಂದಾಗ ದೇವರಿಗೆ ಕಾಯಿ ಒಡೆಸಿದಂತೆ ನಾನು ಆ ಬೆರಳನ್ನು ನನ್ನ ಗವಿಗರಿಗೆ ಕೊಟ್ಟೆ. ಪ್ರೀತಿಯಿಂದಲೇ ಕೊಟ್ಟೆ.

ನನ್ನದು ತಪ್ಪು. ಆದರೆ ಅವಳು ತೆಗೆಸಲು ಹೊರಟಿರುವುದು ನನ್ನೊಬ್ಬಳಿಂದ ಎಂದು ಹೇಳಬೇಡಿ. ಉತ್ತಮ್ ಒಂದು ಚಿತ್ರ ಕಿತ್ತ. ನೀವು ಆರು ವರ್ಷ ಅವಳ ಕೈ ಹಿಡಿದು ಎಳೆದಿರಿ.

ಸುಪ್ರೀತಾ

*

ಸ್ಯಾಲಿಸ್‌ಬರಿ
27 ಅಕ್ಟೋಬರ್ 2025

ಸುಪ್ರೀತಾ,

ನಿಮ್ಮ ಕಾಗದ ಓದಿ ಮೊದಲು ಹರಿದೆ. ಆಮೇಲೆ ತುಂಡುಗಳನ್ನು ಜೋಡಿಸಿ ಟೇಪ್ ಹಾಕಿದೆ. ಉಷಾ ಓದಿ ಅದನ್ನು ಮತ್ತೆ ನನ್ನ ಕೈಗೇ ಕೊಟ್ಟಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಅನನ್ಯಾಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ತಿಳಿಯುತ್ತದೆ. ನಿಮ್ಮ ಕಾಗದವನ್ನು ನಾನೇ ಅವಳಿಗೆ ಓದಿ ಹೇಳಿದೆ, ಒಂದು ಸಾಲೂ ಬಿಡದೆ. ನನ್ನ ಬಗ್ಗೆ ಬರೆದ ಸಾಲುಗಳನ್ನು ಓದುವಾಗ ಅವಳು ಕಿಟಕಿ ನೋಡುತ್ತಿದ್ದಳು. ನಿಮ್ಮ ನೆನಪಿದೆಯಂತೆ. ‘ಷಿ ಡಿಡಂಟ್ ಲುಕ್ ಅಟ್ ಮಿ. ಷಿ ಲುಕ್ಡ್ ಅಟ್ ದ ಸ್ಕ್ರೀನ್’ ಎಂದಳು. ಮುಖ ನೋಡಿದೆ ಎಂದಿರಲ್ಲ, ಅವಳ ಲೆಕ್ಕದಲ್ಲಿ ನೋಡಿದವರು ಯಾರೂ ಇಲ್ಲ. ಅದರಲ್ಲಿ ನಾನೂ ಇದ್ದೇನೆ, ನೀವೂ ಇದ್ದೀರಿ.

ಶನಿವಾರ ದೀಪಾವಳಿ ಕೂಟ ಇತ್ತು. ಅವಳು ಸೆಕೆಯಲ್ಲೂ ಅದೇ ಜಂಪರಿನಲ್ಲಿ ಬಂದಳು. ಬಿಸಿಬೇಳೆಬಾತನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತ ಮೂಲೆಯಲ್ಲಿ ಕೂತಿದ್ದಳು. ರಮಾಕಾಂತ್ ಫೋನ್ ಹಿಡಿದುಕೊಂಡು ಬಂದರು. ಎರಡನೇ ಸಲದ ಅರ್ಜಿ. ‘ಜೆಪಿ, ಹಳೇದೆಲ್ಲಾ ಬಿಟ್ಬಿಡಿ. ಮಗೂನ ಒಂದ್ಸಲ ಕರೀರಿ, ಅಷ್ಟೇ’ ಎಂದರು.

ನಾನು ಕೂಗಾಡಿಬಿಟ್ಟೆ. ‘ಅದು ಅವಳ ಬೆರಳು, ನಿಮ್ಮಪ್ಪನ ಆಸ್ತಿ ಅಲ್ಲ. ಇನ್ಮೇಲೆ ಯಾರಾದ್ರೂ ನನ್ನ ಮಗಳ ಕೈ ಮುಟ್ಟಿದ್ರೆ ಚೆನ್ನಾಗಿರಲ್ಲ’ ಎಂದೆ. ಹಾಡುತ್ತಿದ್ದವರು ನಿಲ್ಲಿಸಿದರು. ರಮಾಕಾಂತ್ ಸಣ್ಣ ದನಿಯಲ್ಲಿ, ಎಲ್ಲರಿಗೂ ಕೇಳಿಸುವಂತೆ ಅಂದರು, ‘ಶುರು ಮಾಡ್ದೋರು ನೀವೇ ಅಲ್ವಾ?’

ಹೌದು ಎಂದೆ. ಅಷ್ಟು ಜನರ ಮುಂದೆ ಹೌದು ಎಂದೆ. ನನ್ನ ಮಗಳು ಚಮಚ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು.

ಇದನ್ನೆಲ್ಲ ಬರೆದದ್ದು ಹೊಗಳಿಸಿಕೊಳ್ಳಲು ಅಲ್ಲ. ಶಸ್ತ್ರಚಿಕಿತ್ಸೆಯ ಚೀಟಿ ಇನ್ನೂ ಫ್ರಿಜ್ ಮೇಲಿದೆ. ತೆಗೆಸುವುದೋ ಇಡುವುದೋ, ಈ ಸಲ ಅವಳ ಕೈ ಹಿಡಿದು ನಾನು ಯಾವ ಕಡೆಗೂ ಎಳೆಯುವುದಿಲ್ಲ. ಆದರೆ ನಿನ್ನೆ ಅವಳು ನಿಮಗೆ ಒಂದು ಮಾತು ಹೇಳಿಕಳಿಸಿದ್ದಾಳೆ. ಅವಳ ಇಂಗ್ಲಿಷನ್ನು ನಾನು ಕನ್ನಡ ಮಾಡಿದ್ದೇನೆ. ‘ನನ್ನ ಬೆರಳಿಂದ ಏನೂ ಆಗಲ್ಲ ಅಂತ ಬರೀಲಿ. ಅಪರೂಪ ಅಂತಾನೂ ಬೇಡ. ಯಾರ್ಗೆ ಬೇಕಾದ್ರೂ ಬರ್ಕೊಳ್ಳೋಕೆ ಬಿಡ್ಲಿ. ಅವ್ರಿಗೆ ಆಗುತ್ತಾ ಕೇಳಿ.’

ನಿಮಗೆ ಆಗುತ್ತದಾ? ನಿಮ್ಮ ಕುಲದಲ್ಲಿ ಅತಿ ಮೇಲಿನ ಲಕ್ಷಣ ಅದು. ಆಗುವುದಿಲ್ಲ ಎಂದೇ ನಾನು ಅವಳಿಗೆ ಹೇಳಿದ್ದೇನೆ.

ಜಯಪ್ರಕಾಶ

*

ಮೋರ್ಲಿ
5 ನವೆಂಬರ್ 2025

ಜಯಪ್ರಕಾಶ್ ಅವರೇ,

ನೀವು ನನ್ನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವುದು ನನಗೆ ಹಿಡಿಸುವುದಿಲ್ಲ.

ಉತ್ತಮ್ ಬೇಡ ಎಂದು ಜಗಳವಾಡಿದ. ದಾರಿಬೆರಳಿನ ಗವಿಗರನ್ನು ಬರೆದ ಏಳು ಜನರಲ್ಲಿ ಐದು ಜನ ಸಿಟ್ಟು ಮಾಡಿಕೊಂಡು ಪುಟ ಬಿಟ್ಟು ಹೋದರು. ಒಬ್ಬಳಂತೂ ಒಂದು ದೊಡ್ಡ ಪತ್ರ ಬರೆದು, ನಾನು ಅವಳಿಂದ ಏನೋ ಕಿತ್ತುಕೊಂಡೆ ಎಂದಳು. ಅದನ್ನು ಓದುವಾಗ ನನಗೂ ಕಿತ್ತುಕೊಂಡ ಹಾಗೇ ಆಯಿತು. ಆ ಬೆರಳು ಒತ್ತಿದ್ದಕ್ಕೇ ನನಗೆ ಈ ದೇಶ ಸಿಕ್ಕಿತು ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಗಣಿಯ ಕ್ಯಾಂಪಿನಲ್ಲಿ ಒಂಟಿಯಾಗಿ ಕೂತಾಗ ಆ ನಂಬಿಕೆ ನನಗೆ ಬೇಕಿತ್ತು. ಅವಳ ಮುಖವನ್ನು ನೋಡಿದೆ ಎಂದು ನಾನು ಬರೆದದ್ದು ನಿಜವೋ ಅಲ್ಲವೋ, ಈಗ ನನಗೇ ಗೊತ್ತಾಗುತ್ತಿಲ್ಲ. ಸ್ಕ್ರೀನಿನಲ್ಲಿ ‘ಸಬ್ಮಿಟೆಡ್’ ಎಂದು ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಪುಟದಲ್ಲಿ ಈಗ ಹೀಗಿದೆ, ಅವಳಿಗೆ ಓದಿ ಹೇಳಿ:

‘ಆರನೇ ಬೆರಳು. ದರ್ಜೆ: ಸಾಮಾನ್ಯ. ಕೆಲವು ಗವಿಗರಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಯಾರು ಬೇಕಾದರೂ ಬರೆಯಬಹುದು. ಅದರಿಂದ ಬಂಡೆ ತೆರೆಯುವುದಿಲ್ಲ. ಮುಟ್ಟಿದವರಿಗೆ ಏನೂ ಆಗುವುದಿಲ್ಲ. ಅದು ಯಾರ ಕೈಯಲ್ಲಿದೆಯೋ ಅವರದು.’

ಸುಪ್ರೀತಾ

*

ಸ್ಯಾಲಿಸ್‌ಬರಿ
16 ನವೆಂಬರ್ 2025

ಸುಪ್ರೀತಾ,

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಮೇಲಿನದೂ ಇಳಿದಿಲ್ಲ.

ಪುಟದ ಆ ಸಾಲುಗಳನ್ನು ಅವಳು ನನ್ನ ಕೈಯಲ್ಲಿ ಎರಡು ಸಲ ಓದಿಸಿದಳು. ಆಮೇಲೆ ಎದ್ದು ಹೋದಳು. ಹನ್ನೆರಡನೇ ತಾರೀಕು ಆಸ್ಪತ್ರೆಗೆ ತಾನೇ ಫೋನ್ ಮಾಡಿ, ಬರುವುದಿಲ್ಲ ಎಂದಳು. ಯಾಕೆ ಎಂದು ಅಲ್ಲಿಯವರು ಕೇಳಿದ್ದಕ್ಕೆ, ‘ಇಟ್ಸ್ ಕಾಮನ್’ ಎಂದಳು. ಚೀಟಿಯನ್ನು ಹರಿದದ್ದೂ ಅವಳೇ. ಮುಂದೆ ಯಾವತ್ತಾದರೂ ತೆಗೆಸಬೇಕು ಅನ್ನಿಸಿದರೆ ಹೇಳುತ್ತಾಳಂತೆ, ನಾವು ಕೇಳಬಾರದಂತೆ. ನಿನ್ನೆ ಊಟಕ್ಕೆ ತೋಳು ಮಡಿಸಿಕೊಂಡು ಕೂತಳು. ಸಾರನ್ನವನ್ನು ಆರೂ ಬೆರಳಲ್ಲಿ ಕಲಸಿ ತಿಂದಳು. ಉಷಾ ಎದ್ದು ಅಡಿಗೆಮನೆಗೆ ಹೋಗಿ ಇನ್ನಷ್ಟು ಸಾರು ತಂದಳು.

ಕವರಿನಲ್ಲಿ ಒಂದು ಚಿತ್ರ ಇದೆ. ಹೊಸ ಗವಿಗ. ನಿಮ್ಮ ಪುಟದಲ್ಲಿ ಹಾಕಬೇಕಂತೆ, ಅನುಮತಿ ಕೇಳುವುದಿಲ್ಲವಂತೆ. ಬೆನ್ನ ಮೇಲೆ ಪಾಚಿ, ಗಿಡ್ಡ ಬಾಲ, ಬಲಗೈಯಲ್ಲಿ ಆರು ಬೆರಳು. ಆ ಆರನೇ ಬೆರಳಿನಿಂದ ಅವನು ಮೂಗು ತೋಡಿಕೊಳ್ಳುತ್ತಿದ್ದಾನೆ, ಗೆಣ್ಣಿನವರೆಗೂ ಒಳಗೆ ಹೋಗಿದೆ.

ಪಿಆರ್ ಬೇಕಾದವರು ಈಗ ಬಂದು ಮುಟ್ಟಲಿ ಎಂದಿದ್ದಾಳೆ.

ಜಯಪ್ರಕಾಶ